ಕಾರ್ಖಾನೆಯ ಕರೆಂಟು ಸೋರುವುದೆಲ್ಲಿ?

ಹೊಸಪೇಟೆಯಿಂದ ಬಳ್ಳಾರಿಗೆ ರಾತ್ರಿ ಬಸ್ಸು ಹಿಡಿದವರಿಗೆ ತೋರಣಗಲ್ಲು ಹತ್ತಿರ ಬಂತೆಂದು ತಿಳಿಯಲು ಬೋರ್ಡು ನೋಡಬೇಕಿಲ್ಲ. ಕತ್ತಲೆಯ ಅಂಚು ಮೊದಲು ಕೆಂಪಗಾಗುತ್ತದೆ. ಆಮೇಲೆ ದೀಪಗಳ ಸಾಲು, ಚಿಮಣಿಗಳು, ಉದ್ದಕ್ಕೂ ಹರಡಿದ ಶೆಡ್ಡುಗಳು ಕಾಣುತ್ತವೆ. ಎತ್ತರದ ಕೊಳವೆಯೊಂದರ ತುದಿಯಲ್ಲಿ ಒಮ್ಮೊಮ್ಮೆ ಬೆಂಕಿ ಭಗ್ಗನೆ ಎದ್ದು ತಣ್ಣಗಾಗುತ್ತದೆ. ‘ಅಪ್ಪಾ, ಅಲ್ಲಿ ಬೆಂಕಿ ಬಿದ್ದೈತಾ?’ ಎಂದು ಕಿಟಕಿ ಪಕ್ಕದ ಮಗು ಕೇಳಿದರೆ, ‘ಇಲ್ಲವ್ವಾ, ಅದು ಜಿಂದಾಲ್’ ಎಂಬ ಉತ್ತರ ಬರುತ್ತದೆ. ಬಸ್ಸು ಮುಂದೆ ಸಾಗುತ್ತದೆ.

ಆ ಬೆಂಕಿ ಅವಘಡವಲ್ಲ. ಬಳಸಲಾಗದೆ ಉಳಿದ ಅನಿಲವನ್ನು ಗಾಳಿಗೆ ಹಾಗೇ ಬಿಟ್ಟರೆ ಅಪಾಯ, ಅದಕ್ಕೇ ಸುಟ್ಟುಬಿಡುತ್ತಾರೆ. ಆದರೆ ಅದು ಇಂಧನವೇ. ಕಾದು ಹಿಡಿದಿಟ್ಟಿದ್ದರೆ ಕುಲುಮೆ ಕಾಯಿಸಬಹುದಿತ್ತು, ಟರ್ಬೈನ್ ತಿರುಗಿಸಬಹುದಿತ್ತು. ಹಿಡಿಯುವುದೋ ಸುಡುವುದೋ ಎಂಬ ತೀರ್ಮಾನ ಈಗ ಮನುಷ್ಯನ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಕ್ಷಣಕ್ಷಣವೂ ಅಳೆಯುವ ಸಂವೇದಕಗಳು, ಅವುಗಳ ಮಾತು ಕೇಳಿ ಕವಾಟ ತಿರುಗಿಸುವ ಕಂಪ್ಯೂಟರುಗಳು ಆ ಕೆಲಸ ಮಾಡುತ್ತವೆ. ಇದಕ್ಕೆ ಸ್ವಯಂಚಾಲಿತ ಇಂಧನ ನಿಗಾ ಎನ್ನುತ್ತಾರೆ. ತೋರಣಗಲ್ಲಿನಂಥ ದೈತ್ಯ ಕಾರ್ಖಾನೆಗೆ ಇದು ಎಷ್ಟು ಬೇಕೋ, ಕಂಪ್ಲಿಯ ಅಕ್ಕಿ ಗಿರಣಿಗೂ ಅಷ್ಟೇ ಬೇಕು. ಆದರೆ ಅದು ಗಿರಣಿಯ ಬಾಗಿಲಿಗೆ ಬರುತ್ತಿರುವುದು ಬಹಳ ನಿಧಾನವಾಗಿ.

ಹೊಗೆಯಲ್ಲಿ ಅಡಗಿದ ಇಂಧನ

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಸರ್ಕಾರಿ ಕಾರ್ಖಾನೆಯ ಆ ಕನಸು ಕೈಗೂಡಲಿಲ್ಲ. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಹುಟ್ಟಿತು. ಇಂದು ಅದು ಜೆಎಸ್‌ಡಬ್ಲ್ಯು ಸ್ಟೀಲ್‌ನ ವಿಜಯನಗರ ಘಟಕ. ವರ್ಷಕ್ಕೆ 1.2 ಕೋಟಿ ಟನ್ ಸಾಮರ್ಥ್ಯ ಮುಟ್ಟಿದ ಮೇಲೂ ಬೆಳೆಯುತ್ತಲೇ ಇದೆ.

ಆರಂಭದಲ್ಲಿ ಇಲ್ಲಿ ತಂದದ್ದು ಕೋರೆಕ್ಸ್ ಎಂಬ ವಿಧಾನ. ಕೋಕ್‌ನ ಮೇಲೆ ಹೆಚ್ಚು ಆತುಕೊಳ್ಳದೆ ಕಲ್ಲಿದ್ದಲಿನಿಂದಲೇ ಕಬ್ಬಿಣ ಕರಗಿಸುವ ಈ ವಿಧಾನ ಆಗ ಭಾರತಕ್ಕೆ ಹೊಸದು. ಅದರಿಂದ ಕಬ್ಬಿಣದ ಜೊತೆಗೆ ಅಪಾರ ಅನಿಲವೂ ಹೊರಬರುತ್ತದೆ. ಆ ಅನಿಲವನ್ನು ಉರಿಸಲೆಂದೇ ಕಾರ್ಖಾನೆಯ ಪಕ್ಕದಲ್ಲಿ 130 ಮೆಗಾವಾಟ್‌ನ ಎರಡು ವಿದ್ಯುತ್ ಘಟಕಗಳು ಎದ್ದವು. ಕೋರೆಕ್ಸ್ ಅನಿಲ ಮತ್ತು ಕಲ್ಲಿದ್ದಲು ಎರಡನ್ನೂ ಅವು ಉರಿಸಬಲ್ಲವು. ಮುಂದೆ 300 ಮೆಗಾವಾಟ್‌ನ ಇನ್ನೆರಡು ಘಟಕ ಸೇರಿ ಒಟ್ಟು ಸಾಮರ್ಥ್ಯ 860 ಮೆಗಾವಾಟ್ ಆಯಿತು.

ಹೋಲಿಕೆಗೆ ನೋಡಿ: ತುಂಗಭದ್ರಾ ಅಣೆಕಟ್ಟೆಯ ಬುಡದ ವಿದ್ಯುದಾಗಾರ ಮತ್ತು ಕಾಲುವೆಯ ಮೇಲಿನ ಹಂಪಿ ವಿದ್ಯುದಾಗಾರ ಎರಡೂ ಕೂಡಿದರೆ 72 ಮೆಗಾವಾಟ್. ಅದೂ ಕಾಲುವೆಗೆ ನೀರು ಹರಿಯುವಾಗ ಮಾತ್ರ. ಇದರ ಪಕ್ಕದಲ್ಲಿಟ್ಟು ನೋಡಿದರೆ ಉಕ್ಕಿನ ಕಾರ್ಖಾನೆಯ ಹಸಿವು ಎಷ್ಟೆಂಬುದು ತಿಳಿಯುತ್ತದೆ.

ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗುವಾಗ ಸುಮಾರು 1,500 ಘನಮೀಟರ್ ಅನಿಲ ಹೊರಡುತ್ತದೆ. ಅದರ ಕಾವು ಕಡಿಮೆ, ಘನಮೀಟರಿಗೆ 750ರಿಂದ 850 ಕಿಲೋಕ್ಯಾಲೊರಿ. ಕೋಕ್ ಒಲೆಯ ಅನಿಲದ್ದು 4,000ಕ್ಕೂ ಮೇಲೆ. ಉಕ್ಕು ತಯಾರಾಗುವ ಕನ್ವರ್ಟರ್‌ನಿಂದ ಬರುವುದು ಇವೆರಡರ ನಡುವಿನದು. ತೋರಣಗಲ್ಲಿನಲ್ಲಿ ಊದುಕುಲುಮೆ ಮತ್ತು ಕೋರೆಕ್ಸ್ ಅನಿಲದಿಂದ ವಿದ್ಯುತ್ ತಯಾರಿಸುವ ಯೋಜನೆಯು ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಗಿತ್ತು. ಹೊಗೆ ಎಂದು ಬಿಡಬಹುದಾಗಿದ್ದಕ್ಕೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಲೆ ಬಂದ ಉದಾಹರಣೆ ಇದು.

ಹದಿನೈದು ನಿಮಿಷದ ಅವಕಾಶ

ಅನಿಲದ ತೊಂದರೆ ಏನೆಂದರೆ, ಅದನ್ನು ಕಲ್ಲಿದ್ದಲಿನ ಹಾಗೆ ರಾಶಿ ಹಾಕಿ ಇಡಲಾಗದು. ಹುಟ್ಟಿದಾಗಲೇ ಬಳಸಬೇಕು, ಇಲ್ಲವೇ ಗ್ಯಾಸ್ ಹೋಲ್ಡರ್‌ನಲ್ಲಿ ಸ್ವಲ್ಪ ಹೊತ್ತು ತಡೆಹಿಡಿಯಬೇಕು.

ಕನ್ವರ್ಟರ್‌ನ ಕೆಲಸ ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಕರಗಿದ ಕಬ್ಬಿಣದ ಮೇಲೆ ಹದಿನೈದು-ಇಪ್ಪತ್ತು ನಿಮಿಷ ಆಮ್ಲಜನಕ ಊದುತ್ತಾರೆ. ಕಬ್ಬಿಣದೊಳಗಿನ ಇಂಗಾಲ ಉರಿದು ಕಾರ್ಬನ್ ಮಾನಾಕ್ಸೈಡ್ ಆಗಿ ಮೇಲೇಳುತ್ತದೆ. ಮೊದಲ ಒಂದೆರಡು ನಿಮಿಷ ಅದರಲ್ಲಿ ಹುರುಪಿಲ್ಲ, ಕೊನೆಗೂ ಇಲ್ಲ. ನಡುವಿನ ಅವಧಿಯ ಅನಿಲವಷ್ಟೇ ಹಿಡಿಯಲು ಯೋಗ್ಯ. ಕೊಳವೆಗೆ ಜೋಡಿಸಿದ ವಿಶ್ಲೇಷಕ ಯಂತ್ರ ಅನಿಲದ ಮಾದರಿಯನ್ನು ಎಡೆಬಿಡದೆ ಪರೀಕ್ಷಿಸುತ್ತದೆ. ಮಾನಾಕ್ಸೈಡ್ ಸುಮಾರು ಶೇ 30 ದಾಟಿ, ಆಮ್ಲಜನಕ ಶೇ 2ಕ್ಕಿಂತ ಕೆಳಗಿದ್ದರೆ ಮಾತ್ರ ಕವಾಟ ಹೋಲ್ಡರ್‌ನ ಕಡೆ ತಿರುಗುತ್ತದೆ. ಇಲ್ಲವಾದರೆ ಚಿಮಣಿಯ ಬೆಂಕಿಗೆ. ಆಮ್ಲಜನಕ ಬೆರೆತ ಅನಿಲ ಹೋಲ್ಡರ್ ಸೇರಿದರೆ ಸ್ಫೋಟದ ಅಪಾಯವಿದೆ, ಹಾಗಾಗಿ ಇಲ್ಲಿ ಅಂದಾಜು ನಡೆಯುವುದಿಲ್ಲ.

ಹೋಲ್ಡರ್ ಎಂದರೆ ಹತ್ತಾರು ಸಾವಿರ ಘನಮೀಟರ್ ಹಿಡಿಸುವ ಉಕ್ಕಿನ ದೊಡ್ಡ ಡ್ರಮ್ಮು. ಒಳಗಿನ ತಟ್ಟೆ ಅನಿಲ ತುಂಬಿದಂತೆ ಏರುತ್ತದೆ, ಖಾಲಿಯಾದಂತೆ ಇಳಿಯುತ್ತದೆ. ಇದು ತುಂಬಿ ತುಳುಕುವ ಮುಂಚೆಯೇ ರೋಲಿಂಗ್ ಮಿಲ್ಲಿನ ಕುಲುಮೆಗೋ ವಿದ್ಯುತ್ ಘಟಕದ ಬಾಯ್ಲರಿಗೋ ಹೆಚ್ಚು ಅನಿಲ ಕಳಿಸಿ, ಅಷ್ಟರ ಮಟ್ಟಿಗೆ ಅಲ್ಲಿ ಕಲ್ಲಿದ್ದಲು ಇಳಿಸಬೇಕು. ಮುಂದಿನ ಅರ್ಧ ಗಂಟೆಯಲ್ಲಿ ಯಾವ ಕನ್ವರ್ಟರ್ ಊದಲಿದೆ, ಯಾವ ಕುಲುಮೆ ನಿಲ್ಲಲಿದೆ ಎಂಬುದು ಒಂದೇ ಕಡೆ ಕಂಡಾಗ ಮಾತ್ರ ಇದು ಸಾಧ್ಯ. ಫೋನಿನಲ್ಲಿ ಕೇಳಿ ತಿಳಿಯುವಷ್ಟರಲ್ಲಿ ಅನಿಲ ಉರಿದುಹೋಗಿರುತ್ತದೆ.

ಊದುಕುಲುಮೆಯ ನೆತ್ತಿಯಿಂದ ಹೊರಡುವ ಅನಿಲಕ್ಕೆ ಕಾವಿನ ಜೊತೆಗೆ ಒತ್ತಡವೂ ಇರುತ್ತದೆ. ಅದನ್ನು ಟರ್ಬೈನ್ ಮೂಲಕ ಹಾಯಿಸಿದರೆ ಟನ್ ಕಬ್ಬಿಣಕ್ಕೆ 30ರಿಂದ 50 ಯೂನಿಟ್ ವಿದ್ಯುತ್ ಸಿಗುತ್ತದೆ, ಹೆಚ್ಚಿನ ಇಂಧನ ಬೇಕಿಲ್ಲ. ಬಳ್ಳಾರಿ-ಕೊಪ್ಪಳ ಭಾಗದಲ್ಲಿ ಹರಡಿರುವ ಸ್ಪಾಂಜ್ ಐರನ್ ಘಟಕಗಳ ತಿರುಗುವ ಕುಲುಮೆಯಿಂದ ಬರುವ ಹೊಗೆ 900 ಡಿಗ್ರಿ ಮೀರಿ ಕಾದಿರುತ್ತದೆ. ದಿನಕ್ಕೆ 100 ಟನ್ನಿನ ಒಂದು ಕುಲುಮೆಯ ಹೊಗೆಯಿಂದ ಸುಮಾರು 2 ಮೆಗಾವಾಟ್ ತೆಗೆಯಬಹುದು ಎಂಬುದು ಆ ಉದ್ಯಮದ ರೂಢಿ ಲೆಕ್ಕ.

ಒಟ್ಟು ಮೊತ್ತದ ಹಿಂದೆ ಏನಿದೆ?

ದೊಡ್ಡ ಕಾರ್ಖಾನೆ ಬಿಟ್ಟು ಹೊಸಪೇಟೆಯ ಸಾಧಾರಣ ಉದ್ಯಮದ ಶೆಡ್ಡಿಗೆ ಬನ್ನಿ. ಅಲ್ಲಿ ಇಂಧನದ ಬಗ್ಗೆ ಸಿಗುವ ಮಾಹಿತಿ ತಿಂಗಳಿಗೊಮ್ಮೆ ಬರುವ ಜೆಸ್ಕಾಂ ವಿದ್ಯುತ್ ಬಿಲ್ಲು ಮಾತ್ರ. ಕಿರಾಣಿ ಅಂಗಡಿಯವನು ತಿಂಗಳ ಕೊನೆಗೆ ಒಟ್ಟು ಮೊತ್ತ ಹೇಳಿ, ಏನೇನು ಒಯ್ದಿರಿ ಎಂಬ ಚೀಟಿ ಕೊಡದಿದ್ದರೆ ಹೇಗೋ ಹಾಗೆ ಅದು. ಎಷ್ಟು ಎಂದು ತಿಳಿಯುತ್ತದೆ. ಎಲ್ಲಿ, ಯಾವಾಗ, ಯಾತಕ್ಕೆ ಎಂದು ತಿಳಿಯುವುದಿಲ್ಲ.

ಸ್ವಯಂಚಾಲಿತ ನಿಗಾ ಕೊಡುವುದು ಆ ಚೀಟಿಯನ್ನು. ದೊಡ್ಡ ಮೋಟರುಗಳಿಗೆ ಹೋಗುವ ಕೇಬಲ್ ಸುತ್ತ ಸಿ.ಟಿ. ಎಂಬ ಉಂಗುರ ಕೂರಿಸುತ್ತಾರೆ. ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಅದು ಹೇಳುತ್ತದೆ. ಪಕ್ಕದ ಮೀಟರ್ ಕೆಲವು ಸೆಕೆಂಡಿಗೊಮ್ಮೆ ವೋಲ್ಟೇಜು, ಯೂನಿಟ್ಟು, ಪವರ್ ಫ್ಯಾಕ್ಟರ್ ಬರೆದುಕೊಳ್ಳುತ್ತದೆ. ಎಲ್ಲ ಮೀಟರುಗಳ ಲೆಕ್ಕ ಒಂದು ಪೆಟ್ಟಿಗೆಗೆ, ಅಲ್ಲಿಂದ ಕಂಪ್ಯೂಟರಿಗೋ ಮೊಬೈಲಿಗೋ ಹೋಗುತ್ತದೆ. ಉಷ್ಣಾಂಶ, ಒತ್ತಡ, ಹಬೆಯ ಹರಿವು ಅಳೆಯುವ ಸಂವೇದಕಗಳನ್ನೂ ಇದೇ ಜಾಲಕ್ಕೆ ಸೇರಿಸಬಹುದು. ಮಿತಿ ದಾಟಿದಾಗ ಎಚ್ಚರಿಕೆ ಬರುತ್ತದೆ. ಇನ್ನೂ ಮುಂದೆ ಹೋದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ ಅಥವಾ ವೇಗ ತಗ್ಗಿಸುತ್ತದೆ.

ಇಂಥ ಜಾಲ ಹಾಕಿದ ಮೊದಲ ವಾರವೇ ನೋಡಬೇಕಾದದ್ದು ಭಾನುವಾರದ ಗೆರೆ. ಕೆಲಸ ಬಂದ್ ಆದ ದಿನ ಪರದೆಯ ಮೇಲಿನ ಗೆರೆ ನೆಲ ಮುಟ್ಟಬೇಕು. ಹಾಗಾಗದೆ ಒಂದು ಎತ್ತರದಲ್ಲಿ ಮಲಗಿದ್ದರೆ ಯಾರೂ ಇಲ್ಲದ ಶೆಡ್ಡಿನಲ್ಲಿ ಏನೋ ಓಡುತ್ತಿದೆ ಎಂದರ್ಥ. ಆರಿಸಲು ಮರೆತ ದೀಪ, ಪ್ಯಾನಲ್ ಕೋಣೆಯ ಎ.ಸಿ., ಸೋರಿಕೆಯಿಂದಾಗಿ ಮತ್ತೆ ಮತ್ತೆ ಶುರುವಾಗುವ ಕಂಪ್ರೆಸರ್ ಎಲ್ಲವೂ ಆ ಗೆರೆಯಲ್ಲಿ ಸಿಕ್ಕಿಬೀಳುತ್ತವೆ.

ಇನ್ನೊಂದು ಲಾಭ ಗರಿಷ್ಠ ಬೇಡಿಕೆಯದು. ಎಚ್‌.ಟಿ. (ಅಧಿಕ ವೋಲ್ಟೇಜಿನ) ಗ್ರಾಹಕರು ಬಳಸಿದ ಯೂನಿಟ್ಟಿಗೆ ಕೊಡುವ ಹಣದ ಜೊತೆಗೆ, ತಿಂಗಳಲ್ಲಿ ಕಾಲು ಗಂಟೆಯಂಥ ಸಣ್ಣ ಅವಧಿಯಲ್ಲಿ ಎಳೆದ ಅತಿ ಹೆಚ್ಚು ಹೊರೆಗೂ ಹಣ ಕಟ್ಟುತ್ತಾರೆ. ಬೆಳಿಗ್ಗೆ ಕರೆಂಟು ಬಂದೊಡನೆ ಎಲ್ಲ ಮೋಟರನ್ನೂ ಒಟ್ಟಿಗೆ ಚಾಲೂ ಮಾಡಿದರೆ ಆ ಒಂದು ಗಳಿಗೆಯ ಅವಸರ ಇಡೀ ತಿಂಗಳ ಬಿಲ್ಲಿಗೆ ಅಂಟಿಕೊಳ್ಳುತ್ತದೆ. ಮೀಟರ್ ಮೊದಲೇ ಎಚ್ಚರಿಸಿದಾಗ ಒಂದು ಯಂತ್ರವನ್ನು ಹತ್ತು ನಿಮಿಷ ತಡವಾಗಿ ಶುರು ಮಾಡಿದರೆ ಸಾಕು.

ಕಂಪ್ಲಿಯ ಗಿರಣಿಯೊಳಗೆ

ತುಂಗಭದ್ರೆಯ ನೀರುಂಡ ಕಂಪ್ಲಿ ಭತ್ತದ ಸೀಮೆ. ಸೋನಾ ಮಸೂರಿ ಇಲ್ಲಿನ ಗಿರಣಿಗಳ ಮುಖ್ಯ ಸರಕು. ಗಿರಣಿಯೊಂದರ ಒಳಗೆ ಹೋದರೆ ಕಿವಿಗೆ ಬಡಿಯುವುದು ಮೋಟರುಗಳ ಸದ್ದು. ಭತ್ತವನ್ನು ಮೇಲೆತ್ತುವ ಎಲಿವೇಟರ್, ಹೊಟ್ಟು ಬಿಡಿಸುವ ಷೆಲ್ಲರ್, ತೌಡು ತೆಗೆಯುವ ಪಾಲಿಷರ್, ದೂಳು ಎಳೆಯುವ ಬ್ಲೋವರ್, ಕಪ್ಪು ಕಾಳು ಆರಿಸುವ ಸಾರ್ಟೆಕ್ಸ್. ಸ್ಟೀಮ್ ಅಕ್ಕಿ ಮಾಡುವಲ್ಲಿ ಬಾಯ್ಲರ್ ಮತ್ತು ಡ್ರೈಯರ್ ಕೂಡ ಇರುತ್ತವೆ.

ಸಾರ್ಟೆಕ್ಸ್ ಒಂದೊಂದು ಕಾಳನ್ನೂ ಕ್ಯಾಮೆರಾದಲ್ಲಿ ನೋಡಿ, ಕೆಟ್ಟದ್ದನ್ನು ಗಾಳಿಯ ಒಂದು ಪುಟ್ಟ ಹೊಡೆತದಿಂದ ಆಚೆ ಹಾರಿಸುತ್ತದೆ. ಆ ಗಾಳಿ ಬರುವುದು ಕಂಪ್ರೆಸರ್‌ನಿಂದ. ಕಾರ್ಖಾನೆಗಳಲ್ಲಿ ಇದರಷ್ಟು ದುಬಾರಿಯಾದ, ಆದರೆ ಪುಕ್ಕಟೆ ಎಂಬಂತೆ ಬಳಸುವ ವಸ್ತು ಇನ್ನೊಂದಿಲ್ಲ. ಕೊಳವೆಯಲ್ಲಿ 3 ಮಿಲಿಮೀಟರ್‌ನ ಒಂದು ತೂತು ಇದ್ದರೆ, 6 ಬಾರ್ ಒತ್ತಡದಲ್ಲಿ ಅದರಿಂದ ಸೋರುವ ಗಾಳಿಗೆ ಸುಮಾರು 3 ಕಿಲೋವಾಟ್ ವಿದ್ಯುತ್ ಬೇಕು. ವರ್ಷವಿಡೀ ಒತ್ತಡ ಇಟ್ಟರೆ 26 ಸಾವಿರ ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದುಕೊಂಡರೂ 1 ಲಕ್ಷ 80 ಸಾವಿರ ರೂಪಾಯಿ. ಗಿರಣಿಯ ಗದ್ದಲದಲ್ಲಿ ಆ ತೂತಿನ ಸುಯ್ಯೆನ್ನುವ ಸದ್ದು ಯಾರಿಗೂ ಕೇಳುವುದಿಲ್ಲ. ಮೀಟರಿಗೆ ಮಾತ್ರ ಕೇಳುತ್ತದೆ: ಗಾಳಿ ಬಳಸದ ಹೊತ್ತಿನಲ್ಲೂ ಕಂಪ್ರೆಸರ್ ನಿಮಿಷಕ್ಕೆ ಎಷ್ಟು ಸಲ ಹೊರೆ ಹೊರುತ್ತಿದೆ ಎಂದು ಅದು ತೋರಿಸುತ್ತದೆ. ಸ್ಕ್ರೂ ಕಂಪ್ರೆಸರ್ ಹೊರೆಯಿಲ್ಲದೆ ಸುಮ್ಮನೆ ತಿರುಗುವಾಗಲೂ ಪೂರ್ಣ ಶಕ್ತಿಯ ಕಾಲು ಭಾಗಕ್ಕೂ ಹೆಚ್ಚು ತಿನ್ನುತ್ತದೆ.

ಬ್ಲೋವರಿನ ಲೆಕ್ಕ ಇನ್ನೂ ಸೋಜಿಗದ್ದು. ಗಾಳಿ ಹೆಚ್ಚಾದರೆ ಬಹಳ ಕಡೆ ಮೋಟರನ್ನು ಪೂರ್ತಿ ವೇಗದಲ್ಲೇ ಬಿಟ್ಟು, ಕೊಳವೆಯ ತಗಡನ್ನು ಅರ್ಧ ಮುಚ್ಚುತ್ತಾರೆ. ಅದರ ಬದಲು ವೇಗ ಬದಲಿಸುವ ಡ್ರೈವ್ ಹಾಕಿ ಫ್ಯಾನನ್ನು ಶೇ 80ರ ವೇಗಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಹೆಚ್ಚು ಕಡಿಮೆ ಅರ್ಧಕ್ಕೆ ಬರುತ್ತದೆ. ವೇಗದ ಐದನೇ ಒಂದು ಭಾಗ ಬಿಟ್ಟರೆ ಶಕ್ತಿಯ ಅರ್ಧ ಉಳಿಯುತ್ತದೆ.

ಬಾಯ್ಲರಿಗೆ ಹಾಕುವುದು ಗಿರಣಿಯದೇ ಹೊಟ್ಟು. ನೂರು ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಮನೆಯದೇ ಇಂಧನ ಎಂದು ಅದರ ಲೆಕ್ಕ ಇಡುವವರು ಕಡಿಮೆ. ಆದರೆ ಉಳಿದ ಹೊಟ್ಟಿಗೆ ಕೊಳ್ಳುವವರಿದ್ದಾರೆ. ಚಿಮಣಿಯ ಹೊಗೆಯ ಕಾವು ಇರಬೇಕಾದ್ದಕ್ಕಿಂತ 20-22 ಡಿಗ್ರಿ ಏರಿದರೆ ಇಂಧನದ ಶೇ 1 ಹೊರಗೆ ಹೋಯಿತೆಂದೇ ಲೆಕ್ಕ. ಚಿಮಣಿಯಲ್ಲಿ ಒಂದು ಉಷ್ಣಮಾಪಕ, ಒಂದು ಆಮ್ಲಜನಕ ಸಂವೇದಕ ಇದ್ದರೆ ಒಲೆಗೆ ಗಾಳಿ ಹೆಚ್ಚಾಗಿದೆಯೋ, ಕೊಳವೆಗಳಿಗೆ ಮಸಿ ಕಟ್ಟಿದೆಯೋ ಎಂದು ಬಾಯ್ಲರ್ ನೋಡಿಕೊಳ್ಳುವವನಿಗೆ ಆಗಲೇ ಗೊತ್ತಾಗುತ್ತದೆ.

ಬಿಸಿಲೂರಿನ ಶೆಡ್ಡು

ಈ ಸೀಮೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುವುದು ಹೊಸ ಮಾತಲ್ಲ. ತಗಡಿನ ಛಾವಣಿಯ ಕೆಳಗೆ ಅದು ಇನ್ನೂ ಏರುತ್ತದೆ. ಕಂಪ್ರೆಸರ್ ಒಳಗೆಳೆಯುವ ಗಾಳಿ 4 ಡಿಗ್ರಿ ಹೆಚ್ಚು ಬಿಸಿಯಾದರೆ ಅದೇ ಕೆಲಸಕ್ಕೆ ಶೇ 1 ಹೆಚ್ಚು ವಿದ್ಯುತ್ ಬೇಕು. ಮೂಲೆಯ ಮುಚ್ಚಿದ ಕೋಣೆಯಲ್ಲಿ ಯಂತ್ರದ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಉಸಿರಾಡುತ್ತಿದ್ದರೆ, ಹೊರಗಿನ ನೆರಳಿನಿಂದ ಗಾಳಿ ಎಳೆಯುವ ಒಂದು ಕೊಳವೆ ಹಾಕಿದರೂ ಉಳಿತಾಯ ಶುರುವಾಗುತ್ತದೆ. ಕೋಣೆಯ ಒಳಗೊಂದು, ಹೊರಗೊಂದು ಉಷ್ಣಮಾಪಕ ಇಟ್ಟರೆ ಆ ಅಂತರ ಕಣ್ಣಿಗೆ ಕಾಣುತ್ತದೆ.

ಬಿಸಿಲಿಗೆ ಉಪಕಾರವೂ ಇದೆ. ಛಾವಣಿಯಲ್ಲಿ ಅಲ್ಲಲ್ಲಿ ಪಾರದರ್ಶಕ ಹಾಳೆ ಕೂರಿಸಿ, ಬೆಳಕಿನ ಸಂವೇದಕಕ್ಕೆ ದೀಪಗಳನ್ನು ಕಟ್ಟಿದರೆ ಹಗಲಿಡೀ ಅವು ಉರಿಯಬೇಕಿಲ್ಲ. ಜನ ಓಡಾಡದ ಗೋದಾಮಿನಲ್ಲಿ ಚಲನೆ ಕಂಡಾಗ ಮಾತ್ರ ಹತ್ತುವ ದೀಪ ಸಾಕು.

ಕಾನೂನು ಬಂದ ಬಗೆ

1973ರ ತೈಲ ಬಿಕ್ಕಟ್ಟಿನಿಂದ ಪಾಠ ಕಲಿತ ಜಪಾನ್ 1979ರಲ್ಲೇ ಕಾರ್ಖಾನೆಗಳ ಇಂಧನ ಬಳಕೆಗೆ ಕಾನೂನು ತಂದಿತು. ಭಾರತದ ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಮರುವರ್ಷ ಮಾರ್ಚ್‌ನಲ್ಲಿ ಇಂಧನ ದಕ್ಷತಾ ಬ್ಯೂರೊ ಆರಂಭವಾಯಿತು. ಕರ್ನಾಟಕದಲ್ಲಿ ಈ ಕೆಲಸಕ್ಕೆ ಗೊತ್ತುಪಡಿಸಿದ ಸಂಸ್ಥೆ ಕ್ರೆಡಲ್.

2012ರಲ್ಲಿ ‘ಪ್ಯಾಟ್’ ಯೋಜನೆ ಶುರುವಾಯಿತು. ಎಂಟು ವಲಯಗಳ 478 ಕಾರ್ಖಾನೆಗಳಿಗೆ, ಒಂದು ಟನ್ ಸರಕಿಗೆ ಇಷ್ಟೇ ಇಂಧನ ಎಂಬ ಗುರಿ ಹಾಕಿಕೊಟ್ಟರು. ಗುರಿ ಮೀರಿ ಉಳಿಸಿದವರಿಗೆ ಪ್ರಮಾಣಪತ್ರ, ತಪ್ಪಿದವರು ಅದನ್ನು ಹಣ ಕೊಟ್ಟು ಕೊಳ್ಳಬೇಕು. 2015ಕ್ಕೆ ಮುಗಿದ ಮೊದಲ ಸುತ್ತಿನಲ್ಲಿ 86.7 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ ಉಳಿಯಿತು. ಇಲ್ಲಿ ಒಂದು ಟನ್ ತೈಲವೆಂದರೆ 1 ಕೋಟಿ ಕಿಲೋಕ್ಯಾಲೊರಿ. 2023ರಲ್ಲಿ ಇಂಗಾಲದ ಕ್ರೆಡಿಟ್ ವ್ಯಾಪಾರದ ಯೋಜನೆ ಪ್ರಕಟವಾಗಿ, ಲೆಕ್ಕ ಈಗ ಇಂಧನದಿಂದ ಇಂಗಾಲದ ಕಡೆ ಹೊರಳುತ್ತಿದೆ. ಐರೋಪ್ಯ ಒಕ್ಕೂಟ ಕೂಡ ಆಮದು ಉಕ್ಕಿನ ಮೇಲಿನ ಇಂಗಾಲ ಶುಲ್ಕಕ್ಕಾಗಿ 2023ರ ಅಕ್ಟೋಬರ್‌ನಿಂದ ಲೆಕ್ಕ ಕೇಳಲು ಆರಂಭಿಸಿತು. ಒಂದೊಂದು ಟನ್ನಿನ ಹಿಂದೆ ಎಷ್ಟು ಹೊಗೆ ಎಂದು ತೋರಿಸದ ಉಕ್ಕಿಗೆ ಆ ಮಾರುಕಟ್ಟೆಯಲ್ಲಿ ಕಷ್ಟ. ಕೈಬರಹದ ಲಾಗ್ ಪುಸ್ತಕದಿಂದ ಆ ಲೆಕ್ಕ ಹೊರಡುವುದಿಲ್ಲ.

ಲೆಕ್ಕ ಓದುವಾಗ ಎಚ್ಚರವೂ ಬೇಕು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿಲ್ಲದೆ ಈ ಭಾಗದ ಕಾರ್ಖಾನೆಗಳು ಉತ್ಪಾದನೆ ತಗ್ಗಿಸಬೇಕಾಯಿತು. ಕುಲುಮೆ ಅರ್ಧ ತುಂಬಿದ್ದರೂ ಅದರ ಗೋಡೆಯಿಂದ ಹೋಗುವ ಕಾವು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೀಗಾಗಿ ಒಟ್ಟು ಬಳಕೆ ಇಳಿದರೂ ಟನ್ನಿನ ಲೆಕ್ಕದ ಬಳಕೆ ಏರುತ್ತದೆ. ಉತ್ಪಾದನೆಯನ್ನೂ ಇಂಧನವನ್ನೂ ಜೊತೆಗಿಟ್ಟು ನೋಡುವ ನಿಗಾ ಮಾತ್ರ ಸೋಮಾರಿತನ ಯಾವುದು, ಅನಿವಾರ್ಯ ಯಾವುದು ಎಂದು ಬೇರ್ಪಡಿಸಬಲ್ಲದು.

ಪರದೆ ನೋಡುವವರು ಯಾರು?

ಮೀಟರ್ ತಾನಾಗಿ ಒಂದು ಯೂನಿಟ್ಟನ್ನೂ ಉಳಿಸುವುದಿಲ್ಲ. ಅದು ತೋರಿಸಿದ ತೂತನ್ನು ಫಿಟ್ಟರ್ ಹೋಗಿ ಮುಚ್ಚಬೇಕು. ದಿನಕ್ಕೆ ನೂರು ಎಚ್ಚರಿಕೆ ಬಂದರೆ ಎರಡನೇ ವಾರ ಯಾರೂ ನೋಡುವುದಿಲ್ಲ. ಮುಖ್ಯವಾದ ಐದಾರನ್ನು ಮಾತ್ರ ಇಟ್ಟು, ಪ್ರತಿಯೊಂದಕ್ಕೂ ಇಂಥವರೇ ಹೊಣೆ ಎಂದು ಗೊತ್ತುಮಾಡಿದಾಗ ವ್ಯವಸ್ಥೆ ಉಳಿಯುತ್ತದೆ. ಸಂವೇದಕಗಳನ್ನೂ ಆಗಾಗ ತಾಳೆ ನೋಡಬೇಕು.

ದೊಡ್ಡ ಬಳಕೆದಾರರು ಪ್ರಮಾಣಿತ ಎನರ್ಜಿ ಮ್ಯಾನೇಜರ್ ಒಬ್ಬರನ್ನು ನೇಮಿಸಲೇಬೇಕೆಂದು ಕಾಯ್ದೆ ಹೇಳುತ್ತದೆ. ಸಣ್ಣ ಗಿರಣಿಯಲ್ಲಿ ಆ ಕೆಲಸ ವೈರಿಂಗ್ ಬಲ್ಲ ಮೆಕ್ಯಾನಿಕ್‌ನ ತಲೆಗೆ ಬೀಳುತ್ತದೆ. ಯಾವ ಮೋಟರ್ ಬಿಸಿಯಾಗುತ್ತದೆ, ಯಾವುದನ್ನು ಎಷ್ಟು ಸಲ ರೀವೈಂಡ್ ಮಾಡಿಸಿದೆ ಎಂದು ಬಲ್ಲವನು ಅವನೇ. ಗ್ರಾಫ್ ಓದುವುದನ್ನು ಅವನಿಗೆ ಕಲಿಸದೆ ಪರದೆಯನ್ನು ಮಾಲೀಕರ ಕೋಣೆಯಲ್ಲಿ ಮಾತ್ರ ನೇತುಹಾಕಿದರೆ ಹಣ ಹೋದದ್ದಷ್ಟೇ ಲಾಭ.

ಗಿರಣಿಯ ಸರದಿ

ಕಾನೂನಿನ ಒತ್ತಾಯ ಇರುವುದು ದೊಡ್ಡವರ ಮೇಲೆ, ತಜ್ಞರು ಇರುವುದೂ ಅವರ ಬಳಿ. ಶೇಕಡ ಲೆಕ್ಕದಲ್ಲಿ ಹೆಚ್ಚು ಸೋರುವ ಸಾಧ್ಯತೆ ಇರುವ ಸಣ್ಣ ಘಟಕಗಳಿಗೆ ಎರಡೂ ಇಲ್ಲ. ಈ ಅಂತರ ತುಂಬುವ ಪ್ರಯತ್ನಗಳು ಈಚೆಗೆ ಶುರುವಾಗಿವೆ. ಇಂಧನ ದಕ್ಷತಾ ಬ್ಯೂರೊ 2025ರ ಜುಲೈನಲ್ಲಿ ಆರಂಭಿಸಿದ ‘ಅದಿತಿ’ ಯೋಜನೆಯಲ್ಲಿ, ಇಂಧನ ಉಳಿಸುವ ಯಂತ್ರಕ್ಕೆ ಸಾಲ ಮಾಡಿದ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಶೇ 5, ಮಧ್ಯಮ ಘಟಕಗಳಿಗೆ ಶೇ 3ರ ಬಡ್ಡಿ ಸಹಾಯಧನವಿದೆ. ಆಹಾರ ಸಂಸ್ಕರಣೆಯೂ ಅದರ ಪಟ್ಟಿಯಲ್ಲಿದೆ.

ಹಗಲಿನ ಕರೆಂಟಿನ ದರವೂ ಬದಲಾಗುತ್ತಿದೆ. ಸೂರ್ಯನ ಬೆಳಕಿರುವ ಗಂಟೆಗಳಲ್ಲಿ ಉದ್ಯಮಗಳಿಗೆ ದರ ಕನಿಷ್ಠ ಶೇ 20 ಕಡಿಮೆ ಇರಬೇಕು, ಸಂಜೆಯ ಒತ್ತಡದ ಹೊತ್ತಿನಲ್ಲಿ ಹೆಚ್ಚಿರಬೇಕು ಎಂದು ಕೇಂದ್ರದ 2023ರ ನಿಯಮ ಹೇಳುತ್ತದೆ. ಯಾವ ಯಂತ್ರ ಯಾವ ಗಂಟೆಯಲ್ಲಿ ಎಷ್ಟು ಎಳೆಯುತ್ತದೆಂದು ತಿಳಿದ ಗಿರಣಿ ತನ್ನ ಡ್ರೈಯರ್ ಸರದಿಯನ್ನು ಹಗಲಿಗೆ ಸರಿಸಬಹುದು. ತಿಳಿಯದವರು ಸಂಜೆಯ ದರವನ್ನೇ ಕಟ್ಟುತ್ತಾರೆ.

ಕಂಪ್ಲಿಯಲ್ಲಿ ಇದು ಶುರುವಾಗಲು ದೊಡ್ಡ ಯೋಜನೆ ಬೇಕಿಲ್ಲ. ಮುಂಗಾರಿನ ಭತ್ತ ಗಿರಣಿಗೆ ಬರುವ ಮುನ್ನ ಪಾಲಿಷರ್, ಕಂಪ್ರೆಸರ್, ದೂಳಿನ ಬ್ಲೋವರ್ ಮತ್ತು ಬಾಯ್ಲರ್ ಫ್ಯಾನು – ಈ ನಾಲ್ಕಕ್ಕೆ ಒಂದೊಂದು ಮೀಟರ್, ಚಿಮಣಿಗೊಂದು ಉಷ್ಣಮಾಪಕ ಹಾಕಿ ಒಂದು ಹಂಗಾಮು ನೋಡಬಹುದು. ಗಿರಣಿ ಮಾಲೀಕರ ಸಂಘ, ಕ್ರೆಡಲ್, ಊರಿನ ಹತ್ತಿರದ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳು ಕೂಡಿದರೆ ಓದುವ ಹುಡುಗರಿಗೆ ನಿಜವಾದ ಕೆಲಸ ಸಿಗುತ್ತದೆ. ಬೇಸಿಗೆ ಬೆಳೆ ಬರುವ ಹೊತ್ತಿಗೆ, ಕ್ವಿಂಟಲ್ ಅಕ್ಕಿಗೆ ಎಷ್ಟು ಯೂನಿಟ್ ಆಯಿತು, ಅದರಲ್ಲಿ ಎಷ್ಟು ತಪ್ಪಿಸಬಹುದಿತ್ತು ಎಂಬ ಲೆಕ್ಕ ಗಿರಣಿಯವರ ಕೈಯಲ್ಲೇ ಇರುತ್ತದೆ.